ಸೂತ್ರಕಾರನೇ ಬರೆಯಬೇಕಾದ ಭಾಷ್ಯ

ಉಡುಪಿಯಲ್ಲಿ ಈ ಸಲದ ಪರ್ಯಾಯ ಯಾವ ಮಠದ್ದು, ಮುಂದಿನದು ಯಾರದು ಎಂದು ರಥಬೀದಿಯಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಉತ್ತರ ಸಿಗುತ್ತದೆ. ಇದೇ ಪ್ರಶ್ನೆಗೆ ಕಂಪ್ಯೂಟರಿನಿಂದ ಉತ್ತರ ಪಡೆಯುವುದೂ ಕಷ್ಟವೇನಲ್ಲ. ಇಸವಿಯಿಂದ 1522ನ್ನು ಕಳೆಯಬೇಕು. ಉಳಿದುದನ್ನು 2ರಿಂದ ಭಾಗಿಸಿ ಶೇಷವನ್ನು ಬಿಟ್ಟುಬಿಡಬೇಕು. ಬಂದ ಸಂಖ್ಯೆಯನ್ನು 8ರಿಂದ ಭಾಗಿಸಿ, ಈ ಸಲ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಸೊನ್ನೆ ಉಳಿದರೆ ಪಲಿಮಾರು, 1 ಉಳಿದರೆ ಅದಮಾರು, 2 ಕೃಷ್ಣಾಪುರ, 3 ಪುತ್ತಿಗೆ, 4 ಶೀರೂರು, 5 ಸೋದೆ, 6 ಕಾಣಿಯೂರು, 7 ಪೇಜಾವರ. 2024ನ್ನು ಹಾಕಿ ನೋಡಿದರೆ 502, ಅದರ ಅರ್ಧ 251, ಅದನ್ನು 8ರಿಂದ ಭಾಗಿಸಿದಾಗ ಶೇಷ 3. ಆ ವರ್ಷ ಸರ್ವಜ್ಞ ಪೀಠವೇರಿದ್ದು ಪುತ್ತಿಗೆ ಮಠ. ಲೆಕ್ಕ ಸರಿಯಾಗಿದೆ.

ಈ ಲೆಕ್ಕವನ್ನು ಪ್ರೋಗ್ರಾಮಾಗಿ ಬರೆದರೆ ಎರಡು ಸಾಲು ಸಾಕು. ಕಂಪ್ಯೂಟರು ಎಂದೂ ತಕರಾರು ಮಾಡದೆ ಉತ್ತರ ಕೊಡುತ್ತಲೇ ಇರುತ್ತದೆ. ತೊಂದರೆ ಶುರುವಾಗುವುದು ಹತ್ತು ವರ್ಷಗಳ ಬಳಿಕ, ಬರೆದವನು ಊರು ಬಿಟ್ಟ ಮೇಲೆ ಇನ್ನೊಬ್ಬ ಆ ಎರಡು ಸಾಲುಗಳನ್ನು ತೆರೆದಾಗ. 1522 ಎಂದರೇನು? ಅದರ ಬದಲು 1500 ಎಂದು ಹಾಕಿದರೆ ಏನಾಗುತ್ತದೆ? ಎರಡರಿಂದ ಏಕೆ ಭಾಗಿಸಬೇಕು? ಸಾಲುಗಳು ‘ಏನು ಮಾಡಬೇಕು’ ಎಂಬುದನ್ನು ಹೇಳುತ್ತವೆ, ‘ಏಕೆ’ ಎಂಬುದನ್ನು ಹೇಳುವುದಿಲ್ಲ.

ಆ ‘ಏಕೆ’ ಇಷ್ಟು. ಮಧ್ವಾಚಾರ್ಯರು ಅಷ್ಟಮಠಗಳ ಯತಿಗಳಿಗೆ ಹಾಕಿಕೊಟ್ಟ ಪೂಜೆಯ ಸರದಿ ಎರಡೆರಡು ತಿಂಗಳಿನದು. ಅದನ್ನು ಎರಡೆರಡು ವರ್ಷಗಳಿಗೆ ವಿಸ್ತರಿಸಿದವರು ಸೋದೆಯ ವಾದಿರಾಜರು. ಆ ಕ್ರಮ ಆರಂಭವಾದದ್ದು 1522ರಲ್ಲಿ, ಪಲಿಮಾರು ಮಠದಿಂದ. ಎಂಟು ಮಠಗಳ ಒಂದು ಸುತ್ತಿಗೆ 16 ವರ್ಷ. ಆದ್ದರಿಂದ ಈ ಲೆಕ್ಕ 1522ಕ್ಕಿಂತ ಹಿಂದಿನ ಯಾವ ಇಸವಿಗೂ ಸಲ್ಲದು. ಇನ್ನೊಂದು ಎಚ್ಚರಿಕೆಯೂ ಬೇಕು. ಪೀಠ ಹಸ್ತಾಂತರವಾಗುವುದು ಜನವರಿ 18ರಂದು. ಸರದಿ ಬದಲಾಗುವ ವರ್ಷದಲ್ಲಿ ಜನವರಿಯ ಮೊದಲ 17 ದಿನಗಳು ಹಿಂದಿನ ಮಠಕ್ಕೇ ಸೇರುತ್ತವೆ. ಎರಡು ಸಾಲಿನ ಪ್ರೋಗ್ರಾಮು ಈ 17 ದಿನಗಳಲ್ಲಿ ತಪ್ಪು ಉತ್ತರ ಕೊಡುತ್ತದೆ. ಅದು ತಪ್ಪೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಪರ್ಯಾಯದ ಕ್ರಮ ಅರಿಯದ ಹೊಸಬನಿಗೂ ಗೊತ್ತಾಗುವುದಿಲ್ಲ.

ಎರಡು ಸಾಲಿಗೇ ಇಷ್ಟು ವಿವರಣೆ ಬೇಕಾದರೆ, ಬ್ಯಾಂಕು, ರೈಲ್ವೆ, ಆಸ್ಪತ್ರೆಗಳನ್ನು ನಡೆಸುವ ಲಕ್ಷಗಟ್ಟಲೆ ಸಾಲುಗಳ ಗತಿಯೇನು? ದೊಡ್ಡ ತಂತ್ರಾಂಶಗಳ ಜಗತ್ತನ್ನು ಹಲವು ದಶಕಗಳಿಂದ ಕಾಡುತ್ತಿರುವ ಪ್ರಶ್ನೆ ಇದು.

ಟಿಪ್ಪಣಿ ಏಕೆ ಸಾಲದು?

ಪ್ರೋಗ್ರಾಮಿನ ನಡುವೆ ಕಂಪ್ಯೂಟರು ಓದದೆ ಬಿಟ್ಟುಬಿಡುವ ಟಿಪ್ಪಣಿಗಳನ್ನು ಬರೆಯುವ ಸೌಲಭ್ಯ ಮೊದಲಿನಿಂದಲೂ ಇದೆ. ಆದರೆ ಬಹುಮಟ್ಟಿಗೆ ಅವುಗಳಲ್ಲಿ ಸಿಗುವುದು ಬರೆದವನ ಹೆಸರು, ತಾರೀಕು, ಒಂದೆರಡು ಮಾತು. ಕಾರ್ಕಳದ ಬೆಟ್ಟದ ಮೇಲೆ 42 ಅಡಿ ಎತ್ತರದ ಗೊಮ್ಮಟನ ಬಳಿ ಇರುವ ಶಾಸನವನ್ನು ಇದಕ್ಕೆ ಹೋಲಿಸಬಹುದು. 1432ರಲ್ಲಿ ವೀರಪಾಂಡ್ಯ ಅದನ್ನು ನಿಲ್ಲಿಸಿದನೆಂಬುದು ಅದರಿಂದ ತಿಳಿಯುತ್ತದೆ. ಶಾಸನ ಮೂರ್ತಿಯ ಪಕ್ಕದಲ್ಲೇ ಇರುವುದರಿಂದ ಆರುನೂರು ವರ್ಷ ಕಳೆಯುತ್ತಾ ಬಂದರೂ ಯಾರು, ಯಾವಾಗ ಎಂಬ ಬಗ್ಗೆ ಗೊಂದಲವಿಲ್ಲ. ಆದರೆ ಅಂಥ ಕಲ್ಲಿನ ಕೆಲಸವನ್ನು ಶಿಲ್ಪಿಗಳು ಹೇಗೆ ಸಾಧಿಸಿದರು, ಯಾವ ಉಪಾಯ ಕೈಕೊಟ್ಟಿತು, ಯಾವುದು ಫಲಿಸಿತು ಎಂಬುದನ್ನು ಹೇಳುವುದು ಶಾಸನದ ಕೆಲಸವಲ್ಲ. ಇನ್ನೊಂದು ಗೊಮ್ಮಟನನ್ನು ಕೆತ್ತಬೇಕಾದವನಿಗೆ ಬೇಕಾದುದು ಮಾತ್ರ ಅದೇ.

ಇನ್ನೊಂದು ದಾರಿ, ಪ್ರತ್ಯೇಕ ಕೈಪಿಡಿ ಬರೆದಿಡುವುದು. ಮಣಿಪಾಲ, ನಿಟ್ಟೆ, ಬಂಟಕಲ್ಲು ಸೇರಿದಂತೆ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುವ ವಿದ್ಯಾರ್ಥಿಗಳಿಗೆ ‘ಪ್ರಾಜೆಕ್ಟ್ ರಿಪೋರ್ಟ್’ ಎಂಬ ಮಾತು ಹೊಸದಲ್ಲ. ಎಲ್ಲ ಕಡೆಯ ವಾಡಿಕೆಯೂ ಒಂದೇ: ಮೊದಲು ಪ್ರೋಗ್ರಾಮು, ಕೊನೆಯ ವಾರದಲ್ಲಿ ರಿಪೋರ್ಟು, ಆಮೇಲೆ ಬೈಂಡಿಂಗ್. ಕಂಪೆನಿಗಳಲ್ಲೂ ಸ್ಥಿತಿ ಬಹಳ ಭಿನ್ನವಾಗಿಲ್ಲ. ಪ್ರೋಗ್ರಾಮು ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ. ಪ್ರೋಗ್ರಾಮನ್ನು ತಿದ್ದಿದವನು ವಿವರಣೆಯನ್ನು ತಿದ್ದಲು ಮರೆಯುತ್ತಾನೆ. ಎರಡು ವರ್ಷ ಕಳೆಯುವಷ್ಟರಲ್ಲಿ ಕೈಪಿಡಿ ಹೇಳುವುದೊಂದು, ಯಂತ್ರ ಮಾಡುವುದು ಇನ್ನೊಂದು. ವಿವರಣೆ ಇಲ್ಲದಿರುವುದಕ್ಕಿಂತ ತಪ್ಪು ವಿವರಣೆ ಹೆಚ್ಚು ಅಪಾಯಕಾರಿ, ಏಕೆಂದರೆ ಓದಿದವನು ಅದನ್ನು ನಂಬುತ್ತಾನೆ.

ಕನೂತ್ ಕಂಡ ದಾರಿ

ಈ ಸಮಸ್ಯೆಗೆ ಬೇರೆಯೇ ಉತ್ತರ ಹುಡುಕಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್. 1938ರಲ್ಲಿ ಹುಟ್ಟಿದ ಕನೂತ್ ಕಂಪ್ಯೂಟರ್ ವಿಜ್ಞಾನದ ಹಿರಿಯರಲ್ಲೊಬ್ಬರು. ಅವರು ಈ ದಾರಿ ಹಿಡಿಯಲು ಕಾರಣ ಮುದ್ರಣ. ತಮ್ಮ ಪುಸ್ತಕವೊಂದರ ಎರಡನೆಯ ಆವೃತ್ತಿಯ ಕರಡು ಪುಟಗಳಲ್ಲಿ ಅಕ್ಷರಗಳ ಅಂದ ಕೆಟ್ಟಿರುವುದನ್ನು ಕಂಡು ಬೇಸರಗೊಂಡ ಅವರು, 1977ರಲ್ಲಿ ತಾವೇ ಅಕ್ಷರ ಜೋಡಿಸುವ ತಂತ್ರಾಂಶ ಬರೆಯಲು ಕುಳಿತರು. ಅದೇ ಇಂದಿಗೂ ಗಣಿತ ಮತ್ತು ವಿಜ್ಞಾನದ ಪುಸ್ತಕಗಳನ್ನು ಜೋಡಿಸಲು ಬಳಕೆಯಲ್ಲಿರುವ ‘ಟೆಕ್’. ಅದು ಬೆಳೆದಂತೆ, ಇಷ್ಟು ದೊಡ್ಡ ಪ್ರೋಗ್ರಾಮನ್ನು ಬೇರೆಯವರು ಓದಿ ಅರ್ಥಮಾಡಿಕೊಳ್ಳುವುದು ಹೇಗೆಂಬ ಪ್ರಶ್ನೆಯೂ ಬೆಳೆಯಿತು.

1984ರಲ್ಲಿ ಪ್ರಕಟವಾದ ಲೇಖನದಲ್ಲಿ ಕನೂತ್ ತಮ್ಮ ಉತ್ತರವನ್ನು ಮಂಡಿಸಿದರು. ಪ್ರೋಗ್ರಾಮ್ ಬರೆಯುವವನು ತಾನು ಯಂತ್ರಕ್ಕೆ ಆಜ್ಞೆ ಕೊಡುತ್ತಿದ್ದೇನೆ ಎಂದು ಭಾವಿಸಬಾರದು. ಯಂತ್ರದಿಂದ ಏನು ಮಾಡಿಸಬೇಕೆಂದಿದ್ದೇನೆ ಎಂಬುದನ್ನು ಇನ್ನೊಬ್ಬ ಮನುಷ್ಯನಿಗೆ ತಿಳಿಸಿ ಹೇಳುತ್ತಿದ್ದೇನೆ ಎಂದು ಭಾವಿಸಬೇಕು. ಇದಕ್ಕೆ ಅವರಿಟ್ಟ ಹೆಸರು ‘ಲಿಟರೇಟ್ ಪ್ರೋಗ್ರಾಮಿಂಗ್’. ಕನ್ನಡದಲ್ಲಿ ‘ಸಾಕ್ಷರ ಪ್ರೋಗ್ರಾಮಿಂಗ್’ ಎನ್ನಬಹುದು. ಹೆಸರಿನಲ್ಲಿ ಸ್ವಲ್ಪ ತುಂಟತನವೂ ಇದೆ. ಇದು ಸಾಕ್ಷರವಾದರೆ ಉಳಿದದ್ದೆಲ್ಲ ನಿರಕ್ಷರ ಎಂದಾಯಿತಲ್ಲ!

ಕೆಲಸ ನಡೆಯುವ ಬಗೆ ಹೀಗೆ. ಬರೆಯುವವನು ಒಂದೇ ಕಡತದಲ್ಲಿ, ಪ್ರಬಂಧ ಬರೆದಂತೆ, ವಿಷಯವನ್ನು ವಿವರಿಸುತ್ತಾ ಹೋಗುತ್ತಾನೆ. ಒಂದು ವಿಚಾರ ವಿವರಿಸಿದ ಕೂಡಲೇ ಅದಕ್ಕೆ ಸಂಬಂಧಿಸಿದ ಪ್ರೋಗ್ರಾಮಿನ ತುಣುಕು. ಪ್ರತಿ ತುಣುಕಿಗೂ ಆಡುಮಾತಿನಲ್ಲಿ ಒಂದು ಹೆಸರು. ಪರ್ಯಾಯದ ಉದಾಹರಣೆಯಲ್ಲಾದರೆ ‘ಜನವರಿ 18ಕ್ಕೆ ಮೊದಲಿನ ದಿನವಾದರೆ ಹಿಂದಿನ ಇಸವಿ ಹಿಡಿ’ ಎಂಬುದೇ ಒಂದು ತುಣುಕಿನ ಹೆಸರಾಗಬಹುದು. ಮುಖ್ಯ ಲೆಕ್ಕದಲ್ಲಿ ಆ ಹೆಸರನ್ನಷ್ಟೇ ಬರೆದರೆ ಸಾಕು, ಒಳಗಿನ ವಿವರ ಬೇರೆ ಪುಟದಲ್ಲಿ ಬರಬಹುದು. ಯಂತ್ರಕ್ಕೆ ಯಾವ ಅನುಕ್ರಮ ಬೇಕು ಎಂಬ ಚಿಂತೆ ಬರೆಯುವವನಿಗಿಲ್ಲ. ಓದುವವನಿಗೆ ಯಾವುದನ್ನು ಮೊದಲು ಹೇಳಿದರೆ ತಿಳಿಯುತ್ತದೋ ಅದನ್ನು ಮೊದಲು ಹೇಳಿದರಾಯಿತು.

ಈ ಒಂದೇ ಕಡತದಿಂದ ಎರಡು ಫಲ. ‘ಟ್ಯಾಂಗಲ್’ ಎಂಬ ಸಾಧನ ವಿವರಣೆಯನ್ನೆಲ್ಲ ಬದಿಗಿರಿಸಿ, ತುಣುಕುಗಳನ್ನು ಯಂತ್ರಕ್ಕೆ ಬೇಕಾದ ಅನುಕ್ರಮದಲ್ಲಿ ಜೋಡಿಸಿ ಪ್ರೋಗ್ರಾಮನ್ನು ಹೊರತೆಗೆಯುತ್ತದೆ. ‘ವೀವ್’ ಎಂಬ ಇನ್ನೊಂದು ಸಾಧನ ಅದೇ ಕಡತವನ್ನು ಪದಸೂಚಿ ಸಮೇತ ಅಂದವಾದ ಪುಸ್ತಕವಾಗಿ ಜೋಡಿಸುತ್ತದೆ. ಟ್ಯಾಂಗಲ್ ಎಂದರೆ ಸಿಕ್ಕು, ವೀವ್ ಎಂದರೆ ನೇಯ್ಗೆ. ಒಂದೇ ನೂಲು, ಯಂತ್ರಕ್ಕೆ ಸಿಕ್ಕುಂಡೆ, ಮನುಷ್ಯನಿಗೆ ಸೀರೆ. ಇಡೀ ವ್ಯವಸ್ಥೆಗೆ ಕನೂತ್ ಕೊಟ್ಟ ಹೆಸರು ‘ವೆಬ್’. ಇಂದು ಆ ಪದ ಕೇಳಿದೊಡನೆ ನೆನಪಾಗುವ ಅಂತರ್ಜಾಲದ ವೆಬ್ ಆಗ ಹುಟ್ಟಿರಲಿಲ್ಲ.

ಪ್ರೋಗ್ರಾಮನ್ನು ತಿದ್ದಬೇಕಾದವನು ಈ ಕಡತವನ್ನೇ ತೆರೆಯಬೇಕು, ವಿವರಣೆಯನ್ನು ದಾಟಿಯೇ ತುಣುಕಿಗೆ ಹೋಗಬೇಕು. ಎರಡೂ ಕಣ್ಣೆದುರೇ ಇರುವುದರಿಂದ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ಸಂಭವ ಕಡಿಮೆ.

ಸೂತ್ರ ಮತ್ತು ಭಾಷ್ಯ

ಉಡುಪಿಯ ಓದುಗರಿಗೆ ಇದು ಪರಿಚಿತ ಸಂಗತಿಯಂತೆ ಕಂಡರೆ ಆಶ್ಚರ್ಯವಿಲ್ಲ. ಸೂತ್ರದ ಲಕ್ಷಣವೇ ಅಲ್ಪಾಕ್ಷರ. ಪ್ರೋಗ್ರಾಮಿನ ಸಾಲಿನಂತೆ ಅದೂ ಬಿಗಿ, ಚಿಕ್ಕದು, ತಾನಾಗಿ ಅರ್ಥ ಬಿಟ್ಟುಕೊಡದು. ಬಾದರಾಯಣರ ಬ್ರಹ್ಮಸೂತ್ರಗಳು ಐದುನೂರಕ್ಕೂ ಹೆಚ್ಚು. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಅವುಗಳ ಮೇಲೆ ಒಂದಲ್ಲ, ನಾಲ್ಕು ಗ್ರಂಥ ಬರೆದರು: ಸೂತ್ರಭಾಷ್ಯ, ಅಣುಭಾಷ್ಯ, ಅನುವ್ಯಾಖ್ಯಾನ, ನ್ಯಾಯವಿವರಣ. ಸೂತ್ರಭಾಷ್ಯಕ್ಕೆ ಜಯತೀರ್ಥರು ತತ್ತ್ವಪ್ರಕಾಶಿಕೆ ಬರೆದರು, ಅನುವ್ಯಾಖ್ಯಾನಕ್ಕೆ ನ್ಯಾಯಸುಧೆ ಬರೆದರು. ತತ್ತ್ವಪ್ರಕಾಶಿಕೆಗೆ ವ್ಯಾಸತೀರ್ಥರ ತಾತ್ಪರ್ಯಚಂದ್ರಿಕೆ ಬಂತು. ಮೂಲದ ಒಂದು ಸಾಲಿನ ಸುತ್ತ ತಲೆಮಾರುಗಳ ವಿವರಣೆ.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಭಾಷ್ಯ ಬರೆದವರು ಸೂತ್ರಕಾರರಲ್ಲ, ಶತಮಾನಗಳ ಅನಂತರ ಬಂದವರು. ಸೂತ್ರಕಾರರು ತಮ್ಮ ಸೂತ್ರಗಳಿಗೆ ತಾವೇ ಬರೆದ ವಿವರಣೆ ನಮಗೆ ದೊರೆತಿಲ್ಲ. ಅದೇ ಸೂತ್ರಗಳನ್ನು ಶಂಕರರು, ರಾಮಾನುಜರು, ಮಧ್ವರು ಮೂರು ರೀತಿಯಲ್ಲಿ ಓದಿದರು. ಮೂರು ದರ್ಶನಗಳು ನೆಲೆಗೊಂಡವು. ತತ್ತ್ವಶಾಸ್ತ್ರಕ್ಕೆ ಅದರಿಂದ ಸಂಪತ್ತೇ ಬಂದಿತೆನ್ನಬಹುದು. ಬ್ಯಾಂಕಿನ ಬಡ್ಡಿ ಲೆಕ್ಕಕ್ಕೆ ಮೂರು ಭಾಷ್ಯ ಹುಟ್ಟಿದರೆ ಮಾತ್ರ ಖಾತೆದಾರ ಒಪ್ಪುವುದಿಲ್ಲ. ಕನೂತ್ ಕೇಳುವುದು ಇದನ್ನೇ: ಸೂತ್ರ ಬರೆದವನೇ, ಬರೆದ ದಿನವೇ, ಅದೇ ಹಾಳೆಯಲ್ಲಿ ಭಾಷ್ಯವನ್ನೂ ಬರೆಯಲಿ.

ಪ್ರತಿ ಉಳಿಸುವುದು ಒಂದು ಕೆಲಸ, ಅರ್ಥ ಉಳಿಸುವುದು ಇನ್ನೊಂದು. ಮಧ್ವರ ಶಿಷ್ಯ ಹೃಷೀಕೇಶತೀರ್ಥರು ಗುರುಗಳ ಕೃತಿಗಳನ್ನು ತಾಳೆಗರಿಯ ಮೇಲೆ ಬರೆದಿಟ್ಟರು. ಪಲಿಮಾರು ಮಠದ ಪರಂಪರೆ ಅದನ್ನು ಕಾಪಾಡಿಕೊಂಡು ಬಂತು. ಬನ್ನಂಜೆ ಗೋವಿಂದಾಚಾರ್ಯರು ಅದನ್ನು ಆಧಾರವಾಗಿಟ್ಟುಕೊಂಡು ಸರ್ವಮೂಲ ಗ್ರಂಥಗಳನ್ನು ಸಂಪಾದಿಸಿದರು. ಗರಿ ಉಳಿದದ್ದರಿಂದ ಪಾಠ ಉಳಿಯಿತು. ಟೀಕೆ ಟಿಪ್ಪಣಿಗಳಿದ್ದುದರಿಂದ ಓದು ಮುಂದುವರಿಯಿತು. ಇಂದಿನ ಕಂಪೆನಿಗಳು ಪ್ರೋಗ್ರಾಮುಗಳ ಪ್ರತಿಯನ್ನು ಹತ್ತು ಕಡೆ ಜೋಪಾನವಾಗಿ ಇಡುತ್ತವೆ. ಟೀಕೆಯ ಬಗ್ಗೆ ಅಷ್ಟು ಜೋಪಾನ ಕಾಣದು.

ದೊಡ್ಡ ಕೆಲಸಕ್ಕೆ ಆದೀತೇ?

ಪ್ರಬಂಧದಂತೆ ಪ್ರೋಗ್ರಾಮ್ ಬರೆಯುವುದು ಚಿಕ್ಕ ಉದಾಹರಣೆಗೆ ಸರಿ, ದೊಡ್ಡ ತಂತ್ರಾಂಶಕ್ಕೆ ಸಾಧ್ಯವೇ ಎಂಬ ಸಂದೇಹ ಸಹಜ. ಟೆಕ್ ಇದಕ್ಕೆ ಮೊದಲ ಉತ್ತರ. ಅದರ ಇಡೀ ಪ್ರೋಗ್ರಾಮು 1380 ವಿಭಾಗಗಳ ಪುಸ್ತಕವಾಗಿ 1986ರಲ್ಲಿ ಅಚ್ಚಾಯಿತು. ತಪ್ಪು ಹುಡುಕಿದವರಿಗೆ ಕನೂತ್ ಬಹುಮಾನ ಘೋಷಿಸಿದರು. ಆ ಬಹುಮಾನದ ಮೊತ್ತ ಏರುತ್ತಾ 327 ಡಾಲರ್ 68 ಸೆಂಟಿಗೆ ಬಂದು ನಿಂತಿತು. ತಮ್ಮ ಪ್ರೋಗ್ರಾಮಿನ ಒಳಗನ್ನು ಜಗತ್ತಿನ ಎದುರು ಬಿಡಿಸಿಟ್ಟು ‘ತಪ್ಪಿದ್ದರೆ ತೋರಿಸಿ’ ಎನ್ನುವ ಧೈರ್ಯ ಅವರಿಗೆ ಬಂದುದು ಅದು ಓದಬಲ್ಲ ರೂಪದಲ್ಲಿದ್ದುದರಿಂದ.

ಎರಡನೆಯ ಉದಾಹರಣೆ ಸಿನಿಮಾ ರಂಗದ್ದು. ಬೆಳಕು ವಸ್ತುಗಳ ಮೇಲೆ ಬಿದ್ದು ಚದುರುವುದನ್ನು ಲೆಕ್ಕಹಾಕಿ ನಿಜವೆನಿಸುವ ಚಿತ್ರ ಮೂಡಿಸುವ ತಂತ್ರಾಂಶವೊಂದನ್ನು ಮ್ಯಾಟ್ ಫಾರ್ ಮತ್ತು ಗ್ರೆಗ್ ಹಂಫ್ರೀಸ್ ಪೂರ್ತಿಯಾಗಿ ಸಾಕ್ಷರ ಪದ್ಧತಿಯಲ್ಲಿ ಬರೆದು 2004ರಲ್ಲಿ ಪುಸ್ತಕವಾಗಿ ಹೊರತಂದರು. ಪುಸ್ತಕವೇ ಪ್ರೋಗ್ರಾಮು, ಪ್ರೋಗ್ರಾಮೇ ಪುಸ್ತಕ. ಈ ಕೆಲಸಕ್ಕಾಗಿ ಅವರಿಬ್ಬರಿಗೂ ಪ್ಯಾಟ್ ಹ್ಯಾನ್ರಹಾನ್ ಅವರಿಗೂ 2014ರಲ್ಲಿ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿ ಸಂದಿತು.

ಮೂರನೆಯದು ‘ಆಕ್ಸಿಯಮ್’ ಎಂಬ ಬೀಜಗಣಿತದ ತಂತ್ರಾಂಶ. ಐಬಿಎಂ ಕಂಪೆನಿಯಲ್ಲಿ ಹುಟ್ಟಿ, ಮಾರಾಟದ ಸರಕಾಗಿ, ಕೊನೆಗೆ ಈ ಶತಮಾನದ ಆರಂಭದಲ್ಲಿ ಉಚಿತ ತಂತ್ರಾಂಶವಾಗಿ ಬಿಡುಗಡೆಯಾಯಿತು. ಹಿಂದೆ ಅದನ್ನು ಬರೆದವರಲ್ಲೊಬ್ಬರಾದ ಟಿಮ್ ಡೇಲಿ ಮತ್ತೆ ಅದನ್ನು ಕೈಗೆತ್ತಿಕೊಂಡಾಗ, ತಾವೇ ಬರೆದ ಭಾಗಗಳ ಹಿಂದಿನ ಯೋಚನೆ ತಮಗೇ ಮರೆತುಹೋಗಿತ್ತು. ಆಗ ಅವರು ಅದನ್ನು ಸಾಕ್ಷರ ರೂಪಕ್ಕೆ ತರುವ ಕೆಲಸಕ್ಕಿಳಿದರು. ಮರೆಯುವವನು ಬೇರೆಯವನೇ ಆಗಬೇಕೆಂದಿಲ್ಲ.

ವಿರೋಧದ ಮಾತು

ಇಷ್ಟು ಒಳ್ಳೆಯದಾದರೆ ಎಲ್ಲರೂ ಏಕೆ ಹೀಗೆ ಬರೆಯುವುದಿಲ್ಲ? 1986ರಲ್ಲಿ ಪತ್ರಿಕೆಯೊಂದರ ಅಂಕಣಕಾರ ಜಾನ್ ಬೆಂಟ್ಲಿ ಕನೂತ್ ಅವರಿಗೆ ಒಂದು ಲೆಕ್ಕ ಕೊಟ್ಟರು: ಒಂದು ಬರಹದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳ ಪಟ್ಟಿ ಮಾಡಬೇಕು. ಕನೂತ್ ಹಲವು ಪುಟಗಳ ಸೊಗಸಾದ ಸಾಕ್ಷರ ಪ್ರೋಗ್ರಾಮು ಬರೆದುಕೊಟ್ಟರು. ಅದನ್ನು ವಿಮರ್ಶಿಸಿದ ಡಗ್ ಮ್ಯಾಕಿಲ್‌ರಾಯ್, ಯೂನಿಕ್ಸ್‌ನಲ್ಲಿ ಮೊದಲೇ ಇರುವ ಸಾಧನಗಳನ್ನು ಒಂದಕ್ಕೊಂದು ಜೋಡಿಸಿ ಆರೇ ಸಾಲಿನಲ್ಲಿ ಅದೇ ಕೆಲಸ ಮಾಡಿ ತೋರಿಸಿದರು. ಕನೂತ್ ಅವರ ಬರಹವನ್ನು ಅವರು ಮೆಚ್ಚಿಕೊಂಡರು. ಆದರೆ ಎಲ್ಲವನ್ನೂ ಬುಡದಿಂದ ಹೊಸದಾಗಿ ಕಟ್ಟಿ ವಿವರಿಸುವ ಅಗತ್ಯವಿದೆಯೇ ಎಂಬುದು ಅವರ ಆಕ್ಷೇಪ. ಇಂದಿನ ತಂತ್ರಾಂಶದ ಬಹುಪಾಲು ಬೇರೆಯವರು ಕಟ್ಟಿದ ಭಾಗಗಳ ಜೋಡಣೆಯೇ ಆಗಿರುವುದರಿಂದ ಈ ಆಕ್ಷೇಪ ಇನ್ನೂ ಜೀವಂತ.

ಬೇರೆ ಅಡ್ಡಿಗಳೂ ಇವೆ. ಹತ್ತಾರು ಮಂದಿ ಒಟ್ಟಿಗೆ ಬರೆಯುವಾಗ ಒಬ್ಬನ ಶೈಲಿ ಇನ್ನೊಬ್ಬನಿಗೆ ಹೊಂದದು. ದಿನಕ್ಕೆರಡು ಸಲ ಬದಲಾಗುವ ಪ್ರೋಗ್ರಾಮಿಗೆ ಪ್ರಬಂಧ ಬರೆಯುವುದು ಹೊರೆಯೆನಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯ ಪ್ರೋಗ್ರಾಮನ್ನೂ ಒಳ್ಳೆಯ ಗದ್ಯವನ್ನೂ ಬರೆಯಬಲ್ಲವರು ಕಡಿಮೆ.

ಹಾಗೆಂದು ವಿಚಾರ ಸಾಯಲಿಲ್ಲ, ವೇಷ ಬದಲಿಸಿತು. ಅಂಕಿಅಂಶಗಳ ಲೆಕ್ಕ ಮಾಡುವವರು 2002ರಿಂದ ‘ಸ್ವೀವ್’, ಆಮೇಲೆ ‘ನಿಟ್ಟರ್’ ಎಂಬ ಸಾಧನಗಳಿಂದ ಲೆಕ್ಕವನ್ನೂ ವರದಿಯನ್ನೂ ಒಂದೇ ಕಡತದಲ್ಲಿ ಬರೆಯತೊಡಗಿದರು. 2014ರಲ್ಲಿ ರೂಪುಗೊಂಡ ‘ಜುಪಿಟರ್’ ನೋಟ್‌ಬುಕ್ಕಿನಲ್ಲಿ ವಿವರಣೆ, ಪ್ರೋಗ್ರಾಮು, ಉತ್ತರ, ನಕ್ಷೆ ಒಂದರ ಕೆಳಗೊಂದು ಇರುತ್ತವೆ. ಇಂದು ಅದನ್ನು ವಿಜ್ಞಾನದ ವಿದ್ಯಾರ್ಥಿಗಳೂ ಬಳಸುತ್ತಾರೆ. ತುಣುಕುಗಳನ್ನು ಓದುಗನಿಗೆ ಹಿತವಾದ ಅನುಕ್ರಮದಲ್ಲಿ ಇಡುವ ಕನೂತ್ ಅವರ ಸ್ವಾತಂತ್ರ್ಯ ಇಲ್ಲಿ ಪೂರ್ತಿ ಇಲ್ಲ. ಆದರೂ ‘ಲೆಕ್ಕ ಮತ್ತು ಮಾತು ಒಂದೇ ಕಡೆ’ ಎಂಬ ತತ್ತ್ವ ಉಳಿದಿದೆ.

ಕನ್ನಡಕ್ಕೂ ಸೇರಿದ ಪ್ರಶ್ನೆ

ಕನೂತ್ ಅವರಂತೆಯೇ ಅಕ್ಷರದ ಕೆಲಸದಿಂದ ಕಂಪ್ಯೂಟರಿನಲ್ಲಿ ಹೆಸರಾದವರು ಈ ಕರಾವಳಿಯಲ್ಲೂ ಇದ್ದಾರೆ. ಮಂಗಳೂರು ಬಳಿಯ ಕಿನ್ನಿಕಂಬಳದವರಾದ, ಮಣಿಪಾಲದಲ್ಲಿ ಅಧ್ಯಾಪಕರಾಗಿದ್ದ ಕೆ. ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯ ವಿನ್ಯಾಸವೇ ರಾಜ್ಯದಲ್ಲಿ ಅಧಿಕೃತವಾದ ವಿನ್ಯಾಸಕ್ಕೆ ಆಧಾರ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ಹೊರತಂದ ತಂತ್ರಾಂಶ ‘ಸೇಡಿಯಾಪು’.

ಕನ್ನಡ ಬರೆಯುವ ತಂತ್ರಾಂಶಗಳಲ್ಲಿ ‘ಏಕೆ’ ಎಂಬುದನ್ನು ಬರೆದಿಡುವ ಅಗತ್ಯ ಇನ್ನೂ ಹೆಚ್ಚು. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಬಂದು ಕೂರುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಹಾಗಾಗಬಾರದು, ರಕಾರ ಪೂರ್ತಿ ಕಾಣಬೇಕು. ಈ ಭೇದ ತೋರಿಸಲು ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸಬೇಕಾಗುತ್ತದೆ. ಕನ್ನಡ ಬಾರದ ಪ್ರೋಗ್ರಾಮರನಿಗೆ ಅದು ಕಸದಂತೆ ಕಾಣುತ್ತದೆ. ‘ಅನಗತ್ಯ ಚಿಹ್ನೆಗಳನ್ನು ತೆಗೆ’ ಎಂದು ಆತ ಒಂದು ಸಾಲು ಬರೆದರೆ ಸಾಕು, ರ‍್ಯಾಂಕ್ ಹೋಗಿ ‘ರ್ಯಾಂಕ್’ ಆಗುತ್ತದೆ. ಎರಡು ವಾಕ್ಯಗಳ ವಿವರಣೆ ಅಲ್ಲೇ ಪಕ್ಕದಲ್ಲಿದ್ದರೆ ಆತ ಕೈಹಾಕುತ್ತಿರಲಿಲ್ಲ.

ಉಡುಪಿಗೆ ತಂತ್ರಾಂಶದ ಕೆಲಸ ಹೊಸದೇನಲ್ಲ. ರೋಬೋಸಾಫ್ಟ್ ಕಂಪೆನಿ 1996ರಲ್ಲೇ ಇಲ್ಲಿ ಆರಂಭವಾಯಿತು. ಆದರೆ ಜಿಲ್ಲೆಯಲ್ಲಿ ಕಲಿತವರಲ್ಲಿ ಬಹಳ ಮಂದಿ ರಾತ್ರಿಯ ಬೆಂಗಳೂರು ಬಸ್ಸು ಹತ್ತುವುದು ಮೊದಲಿನಿಂದ ಇದ್ದದ್ದೇ. ಒಂದು ಕಂಪೆನಿಯಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಅವರು ಹೋಗುತ್ತಲೇ ಇರುತ್ತಾರೆ. ಹೋದವನ ಜೊತೆಗೆ ‘ಏಕೆ’ ಎಂಬುದೂ ಹೋಗುತ್ತದೆ. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಕ್ಷಣದಲ್ಲಿ ನೂರಾರು ಸಾಲು ಬರೆದುಕೊಡುತ್ತವೆ. ಸಾಲುಗಳಿಗೆ ಬರವಿಲ್ಲ. ಅವು ಸರಿಯೇ ಎಂದು ಓದಿ ಹೇಳಬೇಕಾದವನು ಮನುಷ್ಯ. ಏನನ್ನು, ಏಕೆ ಮಾಡಿಸಹೊರಟೆವು ಎಂಬುದು ಬರಹದಲ್ಲಿಲ್ಲದಿದ್ದರೆ ಯಾವುದಕ್ಕೆ ಹೋಲಿಸಿ ಆತ ಸರಿ ಎನ್ನಬೇಕು?

ಕನೂತ್ ಅವರ ಸಾಧನಗಳನ್ನೇ ಬಳಸಬೇಕೆಂದಿಲ್ಲ. ಪ್ರತಿ ಮುಖ್ಯ ನಿರ್ಧಾರದ ಪಕ್ಕದಲ್ಲಿ ಅದರ ಕಾರಣವನ್ನು ಪೂರ್ಣ ವಾಕ್ಯಗಳಲ್ಲಿ ಬರೆಯುವುದು, ಕೈಬಿಟ್ಟ ದಾರಿಯನ್ನೂ ಹೆಸರಿಸುವುದು, ಪ್ರೋಗ್ರಾಮ್ ತಿದ್ದಿದ ಕೈಯಲ್ಲೇ ವಿವರಣೆಯನ್ನು ತಿದ್ದುವುದು – ಇಷ್ಟನ್ನು ಯಾವ ಪದ್ಧತಿಯಲ್ಲಾದರೂ ಮಾಡಬಹುದು. ವಿವರಣೆಯ ಭಾಗ ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟಳೆಯೂ ಇಲ್ಲ. ಯಂತ್ರ ಅದನ್ನು ಓದುವುದಿಲ್ಲ; ಓದುವವರು ಕನ್ನಡಿಗರಾದರೆ ಕನ್ನಡದಲ್ಲೇ ಬರೆಯಬಹುದು. ಅರ್ಕಾವೊತ್ತು ಬಲಕ್ಕೆ ಏಕೆ ಬರುತ್ತದೆ, 1522 ಎಲ್ಲಿಂದ ಬಂತು ಎಂಬುದನ್ನು ಹೇಳಲು ಅದಕ್ಕಿಂತ ಸಲೀಸಾದ ಭಾಷೆ ಇನ್ನೊಂದಿಲ್ಲ.